ಆರಿಸಲಾಗದ ಪರದೆ: ಸೇಲ್ಸ್‌ಫೋರ್ಸ್ ಗೋಪುರದ ದೀಪಚಿತ್ರಗಳ ಕುರಿತು

ಮನೆಯ ಟಿ.ವಿ. ಬೇಡವೆನಿಸಿದರೆ ಆರಿಸಬಹುದು, ಫೋನನ್ನು ಮಗುಚಿ ಇಡಬಹುದು. ಊರಿನ ಅತಿ ಎತ್ತರದ ಕಟ್ಟಡದ ನೆತ್ತಿಯ ಮೇಲೆ ಪರದೆಯೊಂದನ್ನು ಹೊತ್ತಿಸಿದರೆ ಅದನ್ನು ಆರಿಸುವ ಗುಂಡಿ ನೋಡುವವರ ಯಾರ ಕೈಯಲ್ಲೂ ಇರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಸೇಲ್ಸ್‌ಫೋರ್ಸ್ ಗೋಪುರದ ಮೇಲೆ 2018ರ ಮೇ ತಿಂಗಳಿನಲ್ಲಿ ಬೆಳಗಲಾರಂಭಿಸಿದ ಜಿಮ್ ಕ್ಯಾಂಪ್‌ಬೆಲ್ ಅವರ ‘ಡೇ ಫಾರ್ ನೈಟ್’ ಕೃತಿಯನ್ನು ಮೊದಲು ಈ ಮಾತಿನಿಂದಲೇ ಅಳೆಯಬೇಕೆಂದು ನನಗೆ ತೋರುತ್ತದೆ. ಬೇ ಏರಿಯಾದಲ್ಲಿರುವ ನಮ್ಮವರು ಅನೇಕರು ಬೇ ಬ್ರಿಡ್ಜ್ ದಾಟುವಾಗ ಅದನ್ನು ಕಂಡಿರುತ್ತಾರೆ. ‘ಅಲ್ಲಿ ಮೇಲೆ ಅಲ್ಲಾಡ್ತಾ ಇರೋದು ಏನು?’ ಎಂದು ಹಿಂದಿನ ಸೀಟಿನಿಂದ ಮಕ್ಕಳು ಕೇಳಿಯೂ ಇರಬಹುದು.

ಗೋಪುರದ ಎತ್ತರ 1,070 ಅಡಿ. ವಿನ್ಯಾಸ ಸೀಸರ್ ಪೆಲ್ಲಿಯವರ ಸಂಸ್ಥೆಯದು. ನೆತ್ತಿಯ ಭಾಗಕ್ಕೆ ರಂಧ್ರಗಳಿರುವ ಅಲ್ಯೂಮಿನಿಯಂ ಹಲಗೆಗಳನ್ನು ಹೊದಿಸಿದ್ದಾರೆ. ಅಲ್ಲಿ ಸುಮಾರು 11,000 ಎಲ್‌ಇಡಿ ದೀಪಗಳಿವೆ, ಆದರೆ ಅವು ಊರಿಗೆ ಬೆನ್ನು ತಿರುಗಿಸಿವೆ. ಬೆಳಕು ಹಲಗೆಗೆ ಬಡಿದು, ಅಲ್ಲಿಂದ ಮೃದುವಾಗಿ ಹೊರಳಿ ನಮ್ಮ ಕಣ್ಣಿಗೆ ಬರುತ್ತದೆ. ಊರಿನ ಹಲವೆಡೆ ಇಟ್ಟ ಕ್ಯಾಮೆರಾಗಳು ಹಗಲಿನಲ್ಲಿ ಹಿಡಿದ ದೃಶ್ಯಗಳು, ಅಂದರೆ ಕಡಲ ಅಲೆ, ಮೋಡ, ರಸ್ತೆಯಲ್ಲಿ ನಡೆಯುವ ಜನ, ರಾತ್ರಿ ಮೇಲೆ ಮೂಡುತ್ತವೆ. ಹಗಲಿನಲ್ಲಿ ಚಿತ್ರೀಕರಿಸಿ ರಾತ್ರಿಯೆಂದು ನಂಬಿಸುವ ಸಿನಿಮಾ ತಂತ್ರಕ್ಕೂ ‘ಡೇ ಫಾರ್ ನೈಟ್’ ಎಂದೇ ಹೆಸರು.

ಹನ್ನೊಂದು ಸಾವಿರ ಚುಕ್ಕೆ ಎಂದರೆ ಬಹಳವೆನಿಸಬಹುದು. ಸಾಮಾನ್ಯ ಎಚ್‌ಡಿ ಟಿ.ವಿ.ಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ. ಆ ಲೆಕ್ಕದಲ್ಲಿ ಗೋಪುರದ ಚಿತ್ರ ತೀರ ಮಸುಕು. ಈ ಮಸುಕೇ ಕೃತಿಯ ಜೀವಾಳ. ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ ಓದಿದ ಕ್ಯಾಂಪ್‌ಬೆಲ್ ಎಷ್ಟೋ ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಯೂ ಅದೇ: ಎಷ್ಟು ಕಡಿಮೆ ತೋರಿಸಿದರೂ ನಮಗೆ ಗೊತ್ತಾಗುತ್ತದೆ? ಅವರ 2001ರ ‘ಚರ್ಚ್ ಆನ್ ಫಿಫ್ತ್ ಅವೆನ್ಯೂ’ ಕೃತಿಯಲ್ಲಿ ಇರುವುದು 32 ಸಾಲು, 24 ಸಾಲು, ಒಟ್ಟು 768 ದೀಪಗಳು ಮಾತ್ರ. ಚಿತ್ರ ನಿಂತರೆ ಬರಿಯ ಚುಕ್ಕೆಗಳ ಗುಂಪು. ಚಲಿಸಿದ ಕೂಡಲೇ ಮನುಷ್ಯ.

ಇದು ವೈದ್ಯರಿಗೆ ಹೊಸ ಸಂಗತಿಯಲ್ಲ. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಅರ್ಧ ರೋಗನಿರ್ಣಯ ಆಗಿಹೋಗಿರುತ್ತದೆ. ಕೈ ಬೀಸದೆ ಪುಟ್ಟ ಪುಟ್ಟ ಹೆಜ್ಜೆ ಇಡುವವರು ಪಾರ್ಕಿನ್ಸನ್ ಕಾಯಿಲೆಯವರಿರಬಹುದು. ಒಂದು ಕಾಲನ್ನು ಅರ್ಧವೃತ್ತವಾಗಿ ಎಳೆದು ತರುವವರಿಗೆ ಎಂದೋ ಲಕ್ವ ಹೊಡೆದಿರಬಹುದು. ಮುಖ ಕಾಣಬೇಕಾಗಿಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಕತ್ತಲಲ್ಲಿ ನಡೆಯುವವನ ಕೀಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆ ಅಂಟಿಸಿದರೆ ಸಾಕು, ನೋಡುವವರು ಕ್ಷಣಾರ್ಧದಲ್ಲಿ ‘ಮನುಷ್ಯ ನಡೆಯುತ್ತಿದ್ದಾನೆ’ ಎನ್ನುತ್ತಾರೆ. ಕ್ಯಾಂಪ್‌ಬೆಲ್ ಅವರ 2002ರ ‘ಮೋಷನ್ ಅಂಡ್ ರೆಸ್ಟ್’ ಸರಣಿಯಲ್ಲಂತೂ ಕಾಣುವುದು ಅಂಗವೈಕಲ್ಯವುಳ್ಳವರ ನಡಿಗೆಯೇ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಅದನ್ನು ಪಾಠವಾಗಿ ತೋರಿಸಬೇಕು.

ಹೀಗಾಗಿ ಗೋಪುರದ ಮಸುಕು ಬಡತನದಿಂದ ಬಂದದ್ದಲ್ಲ, ಆಯ್ಕೆಯಿಂದ ಬಂದದ್ದು. ಬೀದಿಯಲ್ಲಿ ಹೋಗುವವರ ಚಿತ್ರವನ್ನು ಅವರ ಅಪ್ಪಣೆಯಿಲ್ಲದೆ ಊರಿಗೆಲ್ಲ ತೋರಿಸುವುದು ಸಣ್ಣ ವಿಷಯವಲ್ಲ. ರೋಗಿಯ ವಿವರವನ್ನು ಸಭೆಯಲ್ಲಿ ಮಂಡಿಸುವಾಗ ಹೆಸರು, ಮುಖ ಅಳಿಸಿ ರೋಗವನ್ನಷ್ಟೇ ಉಳಿಸುತ್ತೇವೆ. ಕ್ಯಾಂಪ್‌ಬೆಲ್ ಮಾಡಿರುವುದೂ ಹೆಚ್ಚುಕಡಿಮೆ ಅದನ್ನೇ: ವ್ಯಕ್ತಿ ಅಳಿದು ನಡಿಗೆ ಉಳಿಯುತ್ತದೆ. ಕೃತಿಯ ಬಗ್ಗೆ ನನಗಿರುವ ಗೌರವದ ಬಹುಪಾಲು ಇದರಿಂದ ಬಂದದ್ದು.

ಕೊರತೆಗಳೂ ಇವೆ. ಮಸುಕು ಚಿತ್ರ ಕೂಡಿಕೊಳ್ಳಲು ದೂರ ಬೇಕು. ಓಕ್‌ಲ್ಯಾಂಡ್ ದಂಡೆಯಿಂದ ಅಲೆಯಾಗಿ ಕಾಣುವುದು ಗೋಪುರದ ಬುಡದ ಮಿಷನ್ ಸ್ಟ್ರೀಟಿನಲ್ಲಿ ನಿಂತವನಿಗೆ ಕಾಣುವುದೇ ಇಲ್ಲ. ಬೇಸಿಗೆಯಲ್ಲಿ ಮಂಜು ಬಂದರೆ ಯಾರಿಗೂ ಕಾಣದು, ಮಂಜಿನೊಳಗೆ ಬಣ್ಣವೊಂದು ಉಸಿರಾಡಿದಂತೆ ತೋರುತ್ತದೆ ಅಷ್ಟೆ. (ನನಗೆ ಅದೂ ಇಷ್ಟವೇ.) ದೊಡ್ಡ ಆಕ್ಷೇಪ ಬೇರೆ ಇದೆ. ಈ ಗೋಪುರ ಊರನ್ನು ಊರಿಗೆ ತೋರಿಸುತ್ತದೆ, ಊರಿಗೆ ಏನನ್ನೂ ಹೇಳುವುದಿಲ್ಲ.

ಹೇಳುವ ಗೋಪುರಗಳ ಪರಂಪರೆ ಹಳೆಯದು. ನಮ್ಮ ದೇವಸ್ಥಾನಗಳ ದೀಪಸ್ತಂಭವೂ ಅಂಥದ್ದೇ. ಅದು ಹೊತ್ತಿದ್ದು ಕಂಡರೆ ಉತ್ಸವವೆಂದು ದೂರದ ಹೊಲದವರಿಗೂ ತಿಳಿಯುತ್ತದೆ. ನ್ಯೂಯಾರ್ಕಿನ ಟೈಮ್ಸ್ ಕಟ್ಟಡದ ಸುತ್ತ 1928ರ ನವೆಂಬರಿನಲ್ಲಿ, ಅಧ್ಯಕ್ಷ ಚುನಾವಣೆಯ ರಾತ್ರಿ, 14,800 ಬಲ್ಬುಗಳ ಓಡುವ ಸುದ್ದಿಪಟ್ಟಿ ಆರಂಭವಾಯಿತು. ಮುಂದೆ ಅದೇ ಕಟ್ಟಡಕ್ಕೆ ಜಾಹೀರಾತುಗಳು ಎಷ್ಟು ದಟ್ಟವಾಗಿ ಅಂಟಿಕೊಂಡವೆಂದರೆ ಒಳಗಿನ ಮಹಡಿಗಳು ಬಹುಪಾಲು ಖಾಲಿ ಇದ್ದರೂ ಹೊರಗಿನ ಗೋಡೆಯೇ ಒಡೆಯನಿಗೆ ಹಣ ತಂದಿತು. ಸುದ್ದಿ ಹೇಳಲು ಹುಟ್ಟಿದ ಗೋಪುರ ಸರಕು ಮಾರುವ ಹಲಗೆಯಾಗಲು ಒಂದು ಶತಮಾನವೂ ಬೇಕಾಗಲಿಲ್ಲ.

ಇದಕ್ಕೆ ಎದುರಾಗಿ ಬಾಸ್ಟನ್ನಿನ ಬರ್ಕ್ಲಿ ಕಟ್ಟಡವನ್ನು ನೋಡಿ. 1950ರಿಂದ ಅದರ ತುದಿಯಲ್ಲಿ ಒಂದು ಹವಾಮಾನ ದೀಪವಿದೆ. ನೀಲಿ ಸ್ಥಿರವಾಗಿದ್ದರೆ ಆಕಾಶ ನಿರ್ಮಲ, ನೀಲಿ ಮಿನುಗಿದರೆ ಮೋಡ. ಕೆಂಪು ಸ್ಥಿರವಾಗಿದ್ದರೆ ಮಳೆ, ಕೆಂಪು ಮಿನುಗಿದರೆ ಹಿಮ. ಬೇಸಿಗೆಯಲ್ಲಿ ಹಿಮವೆಲ್ಲಿ? ಆಗ ಮಿನುಗುವ ಕೆಂಪಿಗೆ ರೆಡ್ ಸಾಕ್ಸ್ ತಂಡದ ಬೇಸ್‌ಬಾಲ್ ಆಟ ಮಳೆಯಿಂದ ರದ್ದಾಯಿತೆಂದು ಅರ್ಥ. ಎರಡು ಬಣ್ಣ, ಎರಡು ಸ್ಥಿತಿ, ನಾಲ್ಕು ಸುದ್ದಿ. ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಅಲ್ಲಿನ ಮಾನಿಟರುಗಳು ಎಲ್ಲದಕ್ಕೂ ಕಿರುಚತೊಡಗಿದರೆ ದಾದಿಯರ ಕಿವಿ ಕ್ರಮೇಣ ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ನಿಜವಾದ ಅಪಾಯದ ಕೂಗೂ ಅದರಲ್ಲಿ ಮುಳುಗಿಹೋಗುತ್ತದೆ. ಸಾರ್ವಜನಿಕ ಗೋಪುರ ಒಂದು ಸಂಗತಿಯನ್ನು ಹೇಳಬೇಕು, ಹೆಚ್ಚೆಂದರೆ ಎರಡು.

ಇನ್ನು ಬೆಳಕಿನ ಪರಿಣಾಮ. ನೋಟಕ್ಕೆ ನೆರವಾಗುವ ಕೋಶಗಳಲ್ಲದೆ ನಮ್ಮ ಅಕ್ಷಿಪಟದಲ್ಲಿ ಮೆಲನಾಪ್ಸಿನ್ ಇರುವ ಇನ್ನೊಂದು ಬಗೆಯ ಕೋಶಗಳೂ ಇವೆ. 480 ನ್ಯಾನೋಮೀಟರ್ ಸುತ್ತಮುತ್ತಲಿನ ನೀಲಿ ಬೆಳಕು ಅವನ್ನು ಹೆಚ್ಚು ಕೆರಳಿಸಿ ‘ಇನ್ನೂ ಹಗಲು’ ಎಂದು ಮೆದುಳಿಗೆ ತಿಳಿಸುತ್ತದೆ, ಮೆಲಟೋನಿನ್ ತಗ್ಗುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2016ರಲ್ಲಿ ಬೀದಿದೀಪಗಳಲ್ಲಿ ನೀಲಿ ಅಂಶ ಕಡಿಮೆ ಇರಲಿ ಎಂದು ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ದೂರದ ಗೋಪುರಕ್ಕಿಂತ ದಿಂಬಿನ ಪಕ್ಕದ ಫೋನೇ ನಿದ್ದೆಗೆ ದೊಡ್ಡ ಶತ್ರು, ನಿಜ. ಆದರೆ ಎದುರು ಮನೆಯವರಿಗೆ ಗೋಪುರ ದೂರದ್ದಲ್ಲ. ಲಾಸ್ ವೇಗಸ್ಸಿನ ‘ಸ್ಫಿಯರ್’ ಗೋಳದ ಹೊರಮೈಯಲ್ಲಿ ಸುಮಾರು 12 ಲಕ್ಷ ದೀಪಬಿಲ್ಲೆಗಳಿವೆ, ಅವು ನೇರವಾಗಿ ಹೊರಗೇ ಮುಖ ಮಾಡಿವೆ. ಅಂಥದ್ದೇ ಇನ್ನೊಂದನ್ನು ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಕಟ್ಟುವ ಯೋಜನೆಯನ್ನು ಮೇಯರ್ ಸಾದಿಕ್ ಖಾನ್ 2023ರ ನವೆಂಬರಿನಲ್ಲಿ ತಿರಸ್ಕರಿಸಿದರು. ಸುತ್ತಲಿನ ನಿವಾಸಿಗಳ ಮೇಲೆ ಬೀಳುವ ಬೆಳಕು ಮುಖ್ಯ ಕಾರಣಗಳಲ್ಲೊಂದು. ಸರಿಯಾದ ತೀರ್ಮಾನ. ಹಕ್ಕಿಗಳನ್ನೂ ಮರೆಯುವಂತಿಲ್ಲ. ನ್ಯೂಯಾರ್ಕಿನ ಸೆಪ್ಟೆಂಬರ್ 11ರ ಸ್ಮಾರಕ ದೀಪಸ್ತಂಭಗಳ ಸುತ್ತ ವಲಸೆ ಹಕ್ಕಿಗಳು ದಾರಿ ತಪ್ಪಿ ಸುತ್ತತೊಡಗಿದರೆ ದೀಪವನ್ನು ಸುಮಾರು 20 ನಿಮಿಷ ಆರಿಸುತ್ತಾರೆ, ಅವು ಚದುರಿ ಹೋಗುತ್ತವೆ. ಹಕ್ಕಿಗೆ ಸಿಕ್ಕ ಈ ಸೌಕರ್ಯ ಎದುರು ಮನೆಯವನಿಗೆ ಸಿಕ್ಕಿಲ್ಲ! ಈ ಎಲ್ಲ ದೃಷ್ಟಿಯಿಂದ ಕ್ಯಾಂಪ್‌ಬೆಲ್ ದೀಪಗಳನ್ನು ಒಳಮುಖವಾಗಿಸಿದ್ದು ಬರಿಯ ಸೌಂದರ್ಯದ ಉಪಾಯವಾಗಿ ನನಗೆ ಕಾಣುವುದಿಲ್ಲ.

ಮೇಲೆ ಏನು ಮೂಡಬೇಕೆಂದು ತೀರ್ಮಾನಿಸುವವರು ಯಾರು? ಸ್ಯಾನ್ ಫ್ರಾನ್ಸಿಸ್ಕೋದ ನಿಯಮದಂತೆ ಡೌನ್‌ಟೌನಿನ ದೊಡ್ಡ ಕಟ್ಟಡಗಳು ನಿರ್ಮಾಣ ವೆಚ್ಚದ ಶೇ. 1ರಷ್ಟನ್ನು ಸಾರ್ವಜನಿಕ ಕಲೆಗೆ ಮೀಸಲಿಡಬೇಕು. ಹಣಕ್ಕೆ ನಿಯಮವಿದೆ, ನೋಡುವವರ ಮಾತಿಗೆ ಜಾಗವಿಲ್ಲ. 2018ರ ಹ್ಯಾಲೋವೀನ್ ಹೊತ್ತಿಗೆ ಸಾವಿರಾರು ಜನ ಸಹಿ ಹಾಕಿ ಕೇಳಿದ್ದರಿಂದ ‘ಲಾರ್ಡ್ ಆಫ್ ದ ರಿಂಗ್ಸ್’ ಕಥೆಯ ಸೌರಾನನ ಉರಿಗಣ್ಣು ಅಲ್ಲಿ ಮೂಡಿತು. ಎಲ್ಲರೂ ನಕ್ಕರು. ಗ್ರಾಹಕರ ಮಾಹಿತಿ ನಿರ್ವಹಿಸುವ ಸಾಫ್ಟ್‌ವೇರ್ ಮಾರುವ ಕಂಪನಿಯ ಹೆಸರಿನ ಗೋಪುರದ ಮೇಲೆ, ಎಲ್ಲವನ್ನೂ ನೋಡುವ ಕಣ್ಣು! ಜನ ಬಯಸಿ ಪಡೆದ ಚಿತ್ರ ಅದು. ಅದರ ವ್ಯಂಗ್ಯ ಎಷ್ಟು ಮಂದಿಗೆ ತಟ್ಟಿತೋ. ಬರ್ಲಿನ್ನಿನ ಹೌಸ್ ಡೆಸ್ ಲೆಹ್ರರ್ಸ್ ಕಟ್ಟಡದಲ್ಲಿ 2001ರಲ್ಲಿ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು 144 ಕಿಟಕಿಗಳ ಹಿಂದೆ ದೀಪವಿಟ್ಟು ‘ಬ್ಲಿಂಕೆನ್‌ಲೈಟ್ಸ್’ ಮಾಡಿದಾಗ ದಾರಿಹೋಕರು ಮೊಬೈಲಿನಿಂದಲೇ ಕಟ್ಟಡದ ಮೇಲೆ ಪಾಂಗ್ ಆಡಿದರು. 144 ಚುಕ್ಕೆಗಳಷ್ಟೇ, ಆದರೆ ಅವು ಬೀದಿಯವರ ಕೈಯಲ್ಲಿದ್ದವು. ಈ ಒಂದು ಅಂಶದಲ್ಲಿ ಬರ್ಲಿನ್ ಸ್ಯಾನ್ ಫ್ರಾನ್ಸಿಸ್ಕೋಗಿಂತ ಮುಂದಿತ್ತು.

ಕ್ಯಾಂಪ್‌ಬೆಲ್ ಅವರ ದೀಪಗಳು ಹೊತ್ತಿದ ವರ್ಷದ ಆಗಸ್ಟಿನಲ್ಲೇ ಕರ್ನಾಟಕ ಹೈಕೋರ್ಟಿನ ಕಟ್ಟುನಿಟ್ಟಿಗೆ ಒಳಗಾಗಿ ಬಿಬಿಎಂಪಿ ಬೆಂಗಳೂರಿನ ಫ್ಲೆಕ್ಸುಗಳನ್ನು ರಾಶಿ ರಾಶಿ ಕಿತ್ತುಹಾಕಿತು. ನಾಯಕರ ಹುಟ್ಟುಹಬ್ಬದ ಶುಭಾಶಯಗಳ ಹಿಂದೆ ಮರಗಳಿದ್ದದ್ದು ಆಗ ಕಂಡಿತು. ಅಂಥ ಊರಿನಲ್ಲಿ ಒಂದು ದೀಪಗೋಪುರ ಕಟ್ಟುವುದಾದರೆ ನಾನು ಬಾಸ್ಟನ್ನಿನ ಮಾದರಿಯನ್ನೇ ಹಿಡಿಯುತ್ತೇನೆ. ಬೆಂಗಳೂರಿನ ನಲ್ಲಿಗೆ ಕಾವೇರಿ ಬರುತ್ತಾಳೆ; ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಆ ದಿನದ ಮಟ್ಟವನ್ನು ಪತ್ರಿಕೆಯ ಮೂಲೆಯಲ್ಲಿ ಹುಡುಕಿ ಓದುವ ಅಭ್ಯಾಸ ನಮ್ಮ ಹಿರಿಯರದು. ಅದನ್ನೇ ಮೂರು ಬಣ್ಣಗಳಲ್ಲಿ ಗೋಪುರದ ನೆತ್ತಿಗೆ ಏರಿಸಿದರೆ ಸಾಕು: ಮಿನುಗದ ದೀಪ, ಒಳಮುಖದ ಬೆಳಕು, ಮೇಲೆ ಯಾರ ಹೆಸರೂ ಬೇಡ, ರಾತ್ರಿ ಹತ್ತಕ್ಕೆ ಆರಬೇಕು. ಮಾರ್ಚ್ ತಿಂಗಳಲ್ಲಿ ಕಾರು ತೊಳೆಯಲು ಪೈಪು ಹಿಡಿದವನು ಒಮ್ಮೆ ತಲೆಯೆತ್ತಿ ಆ ಬಣ್ಣ ನೋಡಲಿ.