ಚೆಲ್ಲಿದ ಅಕ್ಕಿಯ ಚೆಲುವು

ಇಂಡೊನೇಷ್ಯಾದ ಕೆರಿಸ್ ಕಠಾರಿಯನ್ನು ಯುನೆಸ್ಕೊ 2005ರಲ್ಲೇ ಪರಂಪರೆ ಅಂತ ಗುರುತಿಸಿತು. ನೋಡುವವರ ಕಣ್ಣು ಮೊದಲು ಹೋಗೋದು ಹಾವಿನಂತೆ ಬಳುಕುವ ಅಲಗಿನ ಮೇಲೆ. ನನ್ನನ್ನು ಹಿಡಿದು ನಿಲ್ಲಿಸೋದು ಅದರ ಮೈಮೇಲಿನ ಚಿತ್ತಾರ, 'ಪಾಮೊರ್'. ಕಬ್ಬಿಣಕ್ಕೆ ನಿಕಲ್ ಇರುವ ಲೋಹ ಸೇರಿಸಿ ಕಾಯಿಸಿ, ಬಡಿದು, ಮಡಿಚಿ ಬೆಸೆಯುತ್ತಾರೆ. ಆಮೇಲೆ ನಿಂಬೆರಸದಲ್ಲಿ ಕಲಸಿದ ಪಾಷಾಣ ಸವರಿದರೆ ಕಬ್ಬಿಣ ಕಪ್ಪಾಗುತ್ತೆ, ನಿಕಲ್ ಬೆಳ್ಳಗೆ ಹೊಳೆಯುತ್ತೆ.

ಜಾವಾದಲ್ಲಿ ಇದಕ್ಕೆ ಎರಡು ಬಗೆ. ಕಮ್ಮಾರ ಮೊದಲೇ ಲೆಕ್ಕ ಹಾಕಿ ಮೂಡಿಸಿದ್ದು 'ರೆಕನ್', ತಾನಾಗಿ ಒದಗಿ ಬಂದದ್ದು 'ತಿಬನ್'. 'ಉದನ್ ಮಾಸ್', ಅಂದರೆ ಚಿನ್ನದ ಮಳೆ, ಲೆಕ್ಕದ ಚಿತ್ತಾರ. ಸಾಲುಸಾಲು ಪುಟ್ಟ ಸುತ್ತುಗಳು. ಅಚ್ಚುಕಟ್ಟಾಗಿದೆ, ಒಪ್ಪೋಣ. ಆದರೆ ಒಂದು ಸಾಲು ನೋಡಿದರೆ ಉಳಿದದ್ದು ಗೊತ್ತಾಗಿಬಿಡುತ್ತೆ. 'ವೋಸ್ ವುತಹ್' ಒದಗಿ ಬಂದದ್ದು. ಹೆಸರಿನ ಅರ್ಥವೇ ಚೆಲ್ಲಿದ ಅಕ್ಕಿ. ಇದರಲ್ಲಿ ಕಣ್ಣಿಗೆ ಕೊನೆಯೇ ಸಿಗಲ್ಲ. ಹಾಗಂತ ಇದು ಅಡ್ಡಾದಿಡ್ಡಿ ಕೆಲಸ ಅಂದ್ಕೋಬೇಡಿ. ಬೆಸುಗೆ ಬಿಟ್ಟರೆ ಅಲಗೇ ಹೋಯ್ತು. ಬೆಸುಗೆಯಲ್ಲಿ ಅಷ್ಟು ಬಿಗಿ ಇದ್ದೂ, ಚಿತ್ತಾರವನ್ನು ಸುತ್ತಿಗೆ ಏಟಿಗೆ ಬಿಟ್ಟುಕೊಡುವ ಧೈರ್ಯವೇ ನನಗೆ ದೊಡ್ಡ ಕಲೆ.

ಬರೀ ಆಸಿಡ್‌ನಲ್ಲಿ ಗೀರು ಮೂಡಿಸಿದ ಅಗ್ಗದ ಕೆರಿಸ್‌ಗಳೂ ಮಾರಾಟಕ್ಕಿವೆ. ಫೋಟೊದಲ್ಲಿ ಎರಡೂ ಒಂದೇ ಥರ. ಉಜ್ಜಿದರೆ ಅದು ಅಳಿಸಿಹೋಗುತ್ತೆ. ಇದನ್ನು ಉಜ್ಜಿ ಮತ್ತೆ ಪಾಷಾಣ ಸವರಿ, ಒಳಗಿನ ಪದರದ ಅಕ್ಕಿ ಮೇಲೆ ಬರುತ್ತೆ.