ಬೆಳೆ ಸಮೀಕ್ಷೆ ಆ್ಯಪ್ ಹೊಲಕ್ಕೆ ಬರುವ ಮುನ್ನ

2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ದಿಟ್ಟ ಹೆಜ್ಜೆಯೊಂದನ್ನಿಟ್ಟಿತು. ಹೊಲದಲ್ಲಿ ಏನು ಬೆಳೆದಿದೆ ಎಂದು ದಾಖಲಿಸುವ ಕೆಲಸವನ್ನು ರೈತರ ಕೈಯ ಮೊಬೈಲಿಗೇ ಒಪ್ಪಿಸಿತು. ಸರ್ವೆ ನಂಬರ್, ಹಿಸ್ಸಾ ಆರಿಸಿ, ಬದುವಿನೊಳಗೆ ನಿಂತು ಬೆಳೆಯ ಫೋಟೊ ತೆಗೆದು ಕಳಿಸಿದರೆ ಆಯಿತು. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆಹಾನಿ ಪರಿಹಾರ ಎಲ್ಲಕ್ಕೂ ಈ ಮಾಹಿತಿಯೇ ಆಧಾರ. ಯೋಜನೆಯ ಬಗ್ಗೆ ನನಗೆ ಗೌರವವಿದೆ. ತಕರಾರು ಇರುವುದು ಆ್ಯಪ್ ಬಿಡುಗಡೆಯ ಪದ್ಧತಿಯ ಮೇಲೆ. ಹಂಗಾಮು ಬದಲಾದಾಗ ಹಳೆಯದನ್ನೇ ತಿದ್ದುವ ಬದಲು, ಹೆಸರಿನಲ್ಲೇ ವರ್ಷವನ್ನು ಹೊತ್ತ ಹೊಸ ಆ್ಯಪನ್ನು ಪ್ಲೇ ಸ್ಟೋರಿಗೆ ತರುವ ರೂಢಿ ಬೆಳೆದಿದೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಈಗಾಗಲೇ ಇರುವ ಆ್ಯಪಿಗೆ ಅಪ್‌ಡೇಟ್ ಕೊಡುವವರು ಅದನ್ನು ಹಂತಹಂತವಾಗಿ ಬಿಡಬಹುದು. ಮೊದಲು ನೂರಕ್ಕೆ ಐದು ಮಂದಿಗೆ, ದೂರು ಬರದಿದ್ದರೆ ಇಪ್ಪತ್ತು ಮಂದಿಗೆ, ಆಮೇಲೆ ಎಲ್ಲರಿಗೂ. ನಡುವೆ ತಪ್ಪು ಕಂಡರೆ ಅಲ್ಲಿಗೇ ತಡೆಹಿಡಿಯಬಹುದು. ಮೊದಲ ಸಲ ಪ್ರಕಟವಾಗುವ ಆ್ಯಪಿಗೆ ಪ್ಲೇ ಸ್ಟೋರ್ ಈ ಅವಕಾಶ ಕೊಡುವುದಿಲ್ಲ. ಹಂಗಾಮಿನ ಮೊದಲ ದಿನ, ತಪ್ಪಿನ ಸಂಭವ ಅತಿ ಹೆಚ್ಚಿರುವ ದಿನವೇ, ಗಾಡಿಯ ಬ್ರೇಕು ಕಿತ್ತಿಟ್ಟು ಇಳಿಜಾರಿಗೆ ಬಿಟ್ಟಂತಾಗುತ್ತದೆ. ಎಂಥ ಸಲಕರಣೆ ಕೊಂಡರೂ ಈ ನಷ್ಟ ತುಂಬದು. ಆ್ಯಪ್ ಒಂದೇ ಇರಲಿ, ಹಂಗಾಮು ಅದರೊಳಗಿನ ಒಂದು ಆಯ್ಕೆಯಾಗಲಿ.

ಇನ್ನು ಬಿಲ್ಡ್, ಪರೀಕ್ಷೆ, ಬಿಡುಗಡೆಗಳನ್ನು ತಾನೇ ನಡೆಸುವ ಸಲಕರಣೆಗಳ ಮಾತು. ಬಿಟ್‌ರೈಸ್, ಕೋಡ್‌ಮ್ಯಾಜಿಕ್‌ನಂಥ ಸೇವೆಗಳು ಅಚ್ಚುಕಟ್ಟಾಗಿವೆ. ಐಫೋನ್ ಆ್ಯಪ್ ಕಟ್ಟಲು ಬೇಕಾದ ಮ್ಯಾಕ್ ಯಂತ್ರವನ್ನು ಬಾಡಿಗೆಗೆ ಒದಗಿಸುವುದು ಅವುಗಳ ದೊಡ್ಡ ಉಪಕಾರ. ಆಂಡ್ರಾಯ್ಡ್ ಫೋನನ್ನೇ ನೆಚ್ಚಿರುವ ಸಮೀಕ್ಷೆಗೆ ಆ ದುಡ್ಡು ದಂಡ. ಗಿಟ್‌ಹಬ್ ಆ್ಯಕ್ಷನ್ಸ್ ಹೂಡುವುದು ಸುಲಭ. 2011ರಲ್ಲಿ ಹಡ್ಸನ್ ಎಂಬ ಹಳೆಯ ಹೆಸರು ಕಳಚಿಕೊಂಡ ಜೆಂಕಿನ್ಸ್‌ಗೆ ಪ್ಲಗಿನ್ ಆರೈಕೆಗೆಂದೇ ಒಬ್ಬರು ಬೇಕು. ಹಾಗಿದ್ದರೂ ಜಮೀನಿನ ದಾಖಲೆ ಮುಟ್ಟುವ ಆ್ಯಪಿಗೆ ನನ್ನ ಆಯ್ಕೆ ಜೆಂಕಿನ್ಸ್, ಇಲ್ಲವೇ ಸ್ವಂತ ಸರ್ವರಿನಲ್ಲಿ ನಡೆಯುವ ಗಿಟ್‌ಲ್ಯಾಬ್. ಆಗ ಕೋಡೂ, ಆ್ಯಪಿಗೆ ಸಹಿ ಹಾಕುವ ಅಪ್‌ಲೋಡ್ ಕೀಲಿಯೂ ಸರ್ಕಾರದ ಮನೆಯಲ್ಲೇ ಇರುತ್ತವೆ.

ಯಾವುದನ್ನು ಹಿಡಿದರೂ ಬಿಡುಗಡೆಯ ಹೆಜ್ಜೆಗಳನ್ನು ಆ ಸೇವೆಯ ಪರದೆಯಲ್ಲಿ ತುಂಬಿಡದೆ, ಕೋಡಿನ ಜೊತೆಗೇ ಫಾಸ್ಟ್‌ಲೇನ್ ಎಂಬ ಸಲಕರಣೆಯ ಕಡತದಲ್ಲಿ ಬರೆದಿಡಬೇಕು. ಮೈಕ್ರೊಸಾಫ್ಟ್ ತನ್ನ ಆ್ಯಪ್ ಸೆಂಟರಿನ ಬಿಲ್ಡ್, ಹಂಚಿಕೆ ಸೇವೆಗಳನ್ನು 2025ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಅಲ್ಲೇ ಎಲ್ಲವನ್ನೂ ತುಂಬಿಟ್ಟವರು ಮೊದಲಿಂದ ಕಟ್ಟಬೇಕಾಯಿತು. ಕಡತ ಇದ್ದವರಿಗೆ ಬೇರೆ ಸರ್ವರಿಗೆ ಹೋಗುವುದಷ್ಟೇ ಕೆಲಸ.

ನನ್ನ ಮಟ್ಟಿಗೆ ಸಲಕರಣೆಯ ಯೋಗ್ಯತೆ ತೀರ್ಮಾನವಾಗುವುದು ಪರೀಕ್ಷೆಯಲ್ಲಿ. ಆ್ಯಪನ್ನು ಒರೆಗೆ ಹಚ್ಚಲು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕುಗಳೇ ಸಾಕು. ಈ ಸೀಮೆಯಲ್ಲಿ ಕಡಲೆಕಾಯಿ ಹೊಲವೆಂದರೆ ಬರೀ ಕಡಲೆಕಾಯಿಯಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ, ಹರಳು ಇರುತ್ತವೆ. ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಯಲ್ಲಿ ಬರೆದ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಹಾಗಾಗಿ ಅಕ್ಕಡಿ ಬೆಳೆಯನ್ನು ಸೇರಿಸಿದ ಮೇಲೆ ಮುಖ್ಯ ಬೆಳೆ ಪಟ್ಟಿಯಲ್ಲಿ ಉಳಿದಿದೆಯೇ ಎಂದು ಯಂತ್ರವೇ ಪ್ರತಿ ಬಿಲ್ಡಿಗೂ ನೋಡಬೇಕು. ಕೊರಟಗೆರೆಯ ಅಡಿಕೆ ತೋಟದ ನೆರಳಿನಲ್ಲಿ ಜಿಪಿಎಸ್ ಅತ್ತಿತ್ತ ಜಾರುತ್ತದೆ. ಪಕ್ಕದ ಹಿಸ್ಸಾಕ್ಕೆ ನಾಲ್ಕು ಮೀಟರ್ ಸರಿದರೆ ಆ್ಯಪ್ ಏನು ಹೇಳುತ್ತದೆ? ಪಾವಗಡದ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆ ಸೌರ ಪಾರ್ಕಿಗೆ ಗುತ್ತಿಗೆ ಹೋಗಿದೆ. ಜಮೀನು ರೈತರದೇ, ಮೇಲಿರುವುದು ಫಲಕ. ಅಲ್ಲಿ ಬೆಳೆಯ ಹೆಸರು ಕೇಳುತ್ತ ಮುಂದೆ ಹೋಗಲು ಬಿಡದ ಪರದೆ ತಪ್ಪು ದಾಖಲೆಯನ್ನೇ ಹುಟ್ಟಿಸುತ್ತದೆ.

ಇವೆಲ್ಲವನ್ನೂ ಕಂಪ್ಯೂಟರಿನಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರಿನಲ್ಲೇ ಆಡಿಸಿ ನೋಡಬಹುದು. ಅದಕ್ಕೆ ಬೇಕಾದ ಅಕ್ಷಾಂಶ ರೇಖಾಂಶ ಕೊಡಬಹುದು, ನೆಟ್‌ವರ್ಕನ್ನು 2ಜಿ ಮಟ್ಟಕ್ಕೆ ಇಳಿಸಬಹುದು. ಪರೀಕ್ಷೆ ಬರೆಯಲು ನಾನು ಎಸ್ಪ್ರೆಸೊ, ಆ್ಯಪಿಯಂಗಿಂತ ಮೇಸ್ಟ್ರೊ ಒಳ್ಳೆಯದೆನ್ನುತ್ತೇನೆ. ಪರದೆಯ ಮೇಲೆ ಕಾಣುವ ಕನ್ನಡ ಪದಗಳನ್ನೇ ಹೆಸರಿಸಿ ಬರೆದ ಆ ಸರಳ ಸಾಲುಗಳನ್ನು ರೈತ ಸಂಪರ್ಕ ಕೇಂದ್ರದ ಅಧಿಕಾರಿಯೂ ಓದಿ, ನಮ್ಮ ಹೋಬಳಿಯಲ್ಲಿ ಹೀಗಿಲ್ಲ ಎಂದು ತಿದ್ದಬಹುದು. ಹೊಲ ಬಲ್ಲವರು ತಿದ್ದಲಾಗದ ಪರೀಕ್ಷೆ ಅರ್ಧ ಪರೀಕ್ಷೆ. ಫೈರ್‌ಬೇಸ್ ಟೆಸ್ಟ್ ಲ್ಯಾಬಿನ ರೋಬೊ ತಾನಾಗಿಯೇ ಪರದೆಗಳನ್ನು ತಡಕುತ್ತದೆ, ನಿಜ. ಮೊದಲೇ ದಾರಿ ಮಾಡಿಕೊಡದಿದ್ದರೆ ಒಟಿಪಿ ಪರದೆಯಲ್ಲೇ ನಿಂತುಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಹಳೆಯ ಆವೃತ್ತಿಯಲ್ಲಿ ಸಮೀಕ್ಷೆ ಮಾಡಿ, ಸಿಗ್ನಲ್ ಇಲ್ಲದೆ ಫೋಟೊ ಫೋನಿನಲ್ಲೇ ಉಳಿದಿರುವಾಗ ಅದರ ಮೇಲೆಯೇ ಹೊಸ ಆವೃತ್ತಿ ಹಾಕಬೇಕು. ಫೋಟೊ ಉಳಿಯಿತೇ? ಕಟಾವು ಮುಗಿದ ಹೊಲದಲ್ಲಿ ಮತ್ತೆ ಬೆಳೆಯ ಫೋಟೊ ತೆಗೆಯಲಾಗದು.

ಹಂತದ ಬಿಡುಗಡೆಯಲ್ಲೂ ಒಂದು ಕೊರತೆಯಿದೆ. ಶೇಕಡಾವಾರು ಆರಿಸಬಹುದು, ದೇಶ ಆರಿಸಬಹುದು, ತಾಲ್ಲೂಕು ಆರಿಸಲಾಗದು. ಅದಕ್ಕೆ ಪ್ಲೇ ಕನ್ಸೋಲಿನ ಆಂತರಿಕ ಪರೀಕ್ಷೆಯಿದೆ. ನೂರು ಮಂದಿಯವರೆಗೆ ಹೆಸರಿಸಿ ಮೊದಲು ಕೊಡಬಹುದು. ಈ ನಾಲ್ಕು ತಾಲ್ಲೂಕುಗಳಿಂದ ರೈತರ ಪರವಾಗಿ ಸಮೀಕ್ಷೆ ಮಾಡುವ ಖಾಸಗಿ ನಿವಾಸಿಗಳೂ (ಪಿ.ಆರ್.) ರೈತರೂ ಸೇರಿ ತಲಾ ಇಪ್ಪತ್ತೈದು ಮಂದಿಯನ್ನು ಆರಿಸಿದರೆ ಮಳೆಯಾಶ್ರಿತ ಹೊಲ, ತೋಟ, ಆಂಧ್ರದ ಗಡಿ ಎಲ್ಲ ಸೇರಿದವು.

ದಿನಾಂಕವೂ ನೆನಪಿರಲಿ. ಹೊಸ ಆಂಡ್ರಾಯ್ಡ್ ಆವೃತ್ತಿಗೆ ಆ್ಯಪನ್ನು ಹೊಂದಿಸಲು ಗೂಗಲ್ ಇತ್ತೀಚಿನ ವರ್ಷಗಳಲ್ಲಿ ಕೊಡುತ್ತಿರುವ ಗಡುವು ಆಗಸ್ಟ್ 31, ಮುಂಗಾರು ಸಮೀಕ್ಷೆ ನಡುಮಧ್ಯದಲ್ಲಿರುವ ಹೊತ್ತು. ಹೆಚ್ಚಿನ ಕಾಲಾವಕಾಶ ಕೇಳಿ ಪಡೆಯದೆ ಗಡುವು ದಾಟಿದರೆ ತುರ್ತು ತಿದ್ದುಪಡಿಯನ್ನೂ ಪ್ಲೇ ಸ್ಟೋರ್ ಸ್ವೀಕರಿಸುವುದಿಲ್ಲ. ಆ ಕೆಲಸ ಮೇ ತಿಂಗಳಲ್ಲೇ, ಕಡಲೆಕಾಯಿ ಬಿತ್ತನೆಗೆ ಮುಂಚೆಯೇ ಮುಗಿದಿರಬೇಕು.