ಮೆಟ್ಟಲಾಗದ ಮೆಟ್ಟು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಿಂದ ಕವಲಂದೆಯಲ್ಲಿ ಇಳಿಯುವ ಕಾಲೇಜು ಹುಡುಗರ ಕಾಲು ನೋಡಿದರೆ 1980ರ ದಶಕದ ಅಮೆರಿಕ ಕಾಣಿಸುತ್ತದೆ. ನೈಕಿಯ ಏರ್ ಫೋರ್ಸ್ 1 ಬಂದದ್ದು 1982ರಲ್ಲಿ, ಏರ್ ಜೋರ್ಡನ್ 1 ಬಂದದ್ದು 1985ರಲ್ಲಿ. ಎರಡೂ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆಂದೇ ಹುಟ್ಟಿದವು. ಅಸಲಿಗೆ ಸಾವಿರಗಟ್ಟಲೆ ಕೊಡಲಾಗದವರು ‘ಫಸ್ಟ್ ಕಾಪಿ’ ಕೊಳ್ಳುತ್ತಾರೆ. ಮಾರುವವರು ಇದನ್ನು ‘ರೆಟ್ರೊ’ ಎನ್ನುತ್ತಾರೆ, ಅಂದರೆ ಕಳೆದ ಕಾಲದ ಹಂಬಲ. ಮೈಕಲ್ ಜೋರ್ಡನ್ ಆಟವನ್ನು ನೋಡಿರದ, ಬ್ಯಾಸ್ಕೆಟ್‌ಬಾಲನ್ನೇ ಆಡದ ಈ ಹುಡುಗರಿಗೆ ಅದು ಯಾರ ನೆನಪು?

ಮೊದಲು ಶೂವನ್ನು ಶೂವಾಗಿಯೇ ನೋಡೋಣ. ರೂಪದಲ್ಲಿ ಅವು ನಿಜಕ್ಕೂ ಚಂದ. ತೊಗಲಿನ ತುಂಡುಗಳನ್ನು ಕೂಡಿಸಿದ ಹೊಲಿಗೆ ಎದ್ದು ಕಾಣುತ್ತದೆ. ಒಂದೊಂದು ತುಂಡಿಗೆ ಒಂದೊಂದು ಬಣ್ಣ ಕೊಟ್ಟು ಅದೇ ಶೂವನ್ನು ನೂರು ಬಗೆಯಲ್ಲಿ ಹೊಸದಾಗಿಸಬಹುದು. ಅಟ್ಟೆಯನ್ನೂ ಹೊಲಿದಿರುವುದರಿಂದ ಬೇಗ ಕಿತ್ತುಬರುವುದಿಲ್ಲ. ತೊಡಕು ಇರುವುದು ನಡಿಗೆಯಲ್ಲಿ. ಜೋರ್ಡನ್ 1ರಲ್ಲಿ ಗಾಳಿಯ ಮೆತ್ತೆ ಹಿಮ್ಮಡಿಗೆ ಮಾತ್ರ, ಮುಂಗಾಲಿಗೆ ಗಟ್ಟಿ ರಬ್ಬರೇ ಗತಿ. ಭಾರ ಹೆಚ್ಚು, ಒಳಗೆ ಗಾಳಿಯಾಡದು, ಏಪ್ರಿಲ್ ಬಿಸಿಲಿನಲ್ಲಿ ಕಾಲು ಬೇಯುತ್ತದೆ. ಬೆರಳು ಮಡಚಿದಲ್ಲೆಲ್ಲ ತೊಗಲು ಸುಕ್ಕಾಗುತ್ತದೆ. ಸುಕ್ಕು ಬೀಳದಿರಲೆಂದು ಒಳಗಿಡುವ ಪ್ಲಾಸ್ಟಿಕ್ ಅಚ್ಚುಗಳೂ ಮಾರಾಟಕ್ಕಿವೆ.

ಕನ್ನಡದಲ್ಲಿ ‘ಮೆಟ್ಟು’ ಎಂದರೆ ತುಳಿ ಎಂಬ ಕ್ರಿಯೆಯೂ ಹೌದು, ಪಾದರಕ್ಷೆಯೂ ಹೌದು. ಮೆಟ್ಟಿದರೆ ಕೆಡುವ ಮೆಟ್ಟು ಈ ಕಾಲದ ಸೃಷ್ಟಿ. ಮೆಟ್ಟದೆ ಉಳಿದ ಒಂದು ಜೋಡಿಯ ಕಥೆ ನಮ್ಮಲ್ಲೂ ಇದೆ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದಾಗ ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು ಎನ್ನುತ್ತದೆ ಐತಿಹ್ಯ. ಅಲ್ಲಿ ಗೌರವ ಸಂದದ್ದು ಹೊಲಿದ ಕೈಗಳಿಗೆ. ಇಲ್ಲಿ ಶೂ ಮೇಲಿರುವುದು ಆಟಗಾರನ ಹೆಸರು, ಕಂಪನಿಯ ಗುರುತು. ಹೊಲಿದವರು ಯಾರೆಂದು ತೊಟ್ಟವರಿಗೆ ಗೊತ್ತಿಲ್ಲ.

ಹಾಗೆಂದು ಆ ಹುಡುಗರನ್ನು ಗೇಲಿ ಮಾಡಲಾರೆ. ಜೋರ್ಡನ್ ತೊಟ್ಟ ಕೆಂಪು-ಕಪ್ಪು ಬಣ್ಣಕ್ಕೆ ಎನ್‌ಬಿಎ ಆಕ್ಷೇಪ ಎತ್ತಿದಾಗ ನೈಕಿ ಅದನ್ನೇ ಜಾಹೀರಾತು ಮಾಡಿಕೊಂಡಿತು. ನಮ್ಮ ಹಳ್ಳಿಗಳಲ್ಲಿದ್ದ ನಿಷೇಧ ಬಣ್ಣಕ್ಕಲ್ಲ, ಕಾಲಿಗೆ. ಮೇಲ್ಜಾತಿಯ ಬೀದಿ ಬಂದರೆ ದಲಿತರು ಕೆರವನ್ನು ಕೈಯಲ್ಲಿ ಹಿಡಿದು ದಾಟಬೇಕಿತ್ತು. ಅದನ್ನು ಯಾರೂ ಜಾಹೀರಾತು ಮಾಡಲಿಲ್ಲ. ಅಂಥವರ ಮೊಮ್ಮಗ ಬೆಳ್ಳನೆಯ ಶೂ ತೊಟ್ಟು ಊರ ನಡುವೆ ಹೋದರೆ ಅದನ್ನು ಬರೀ ಶೋಕಿ ಎನ್ನುವುದು ಹೇಗೆ? ಅವನಿಗೆ ಬೇಕಿರುವುದು ಅಮೆರಿಕದ ನೆನಪಲ್ಲ, ತನ್ನೂರಿನ ಒಂದು ನೆನಪನ್ನು ಅಳಿಸುವ ದಾರಿ.

ನನ್ನ ತಕರಾರು ಇಷ್ಟೇ. ಸುಕ್ಕಿಗೆ ಹೆದರಿ, ಧೂಳಿಗೆ ಹೆದರಿ, ಪ್ಲಾಟ್‌ಫಾರಂ ಮೇಲೆ ನಿಂತು ಕರ್ಚೀಫಿನಿಂದ ಶೂ ಒರೆಸುವವನ ಕಾಲನ್ನು ಈಗ ಆ ಶೂವೇ ತಡೆಯುತ್ತಿದೆ. ಅಜ್ಜ ನಡೆಯಲಾಗದ ಬೀದಿಯಲ್ಲಿ ನಡೆಯಬೇಕೆಂದರೆ ಶೂ ಕೊಳೆಯಾಗಲೇಬೇಕು.